ನಡುವೆ ಸುರಿದದ್ದು

ಟಲ್ಲಿಯಲ್ಲಿ ಮಳೆ ಬಂದರೆ ಯಾರೂ ತಲೆ ಎತ್ತುವುದಿಲ್ಲ.
ಪೇಟೆಯ ನಡುವೆ ಎರಡು ಮಾಳಿಗೆಯೆತ್ತರದ ಗಂಬೂಟು ನಿಲ್ಲಿಸಿಕೊಂಡ ಊರು;
ಒಂದು ವರ್ಷ ಬಿದ್ದ ನೀರು ಅಷ್ಟೆತ್ತರವಂತೆ.
ತಲೆ ಎತ್ತುವವ ನಾನೊಬ್ಬ,
ಹನಿ ನೋಡಲಿಕ್ಕಲ್ಲ, ದನಿ ಹೋಯಿತೇ ನೋಡಲಿಕ್ಕೆ.

ಊರ ಹಿಂದಿನ ಗುಡ್ಡದಲ್ಲಿ ನನ್ನದೊಂದು ಬಿಳಿ ಬೋಗುಣಿ,
ಹೊಳೆ ದಾಟಿ ಹನ್ನೆರಡು ಕಿಲೋಮೀಟರು ಆಚೆ ಎನ್ಸೊನದೊಂದು.
ಮುಖಕ್ಕೆ ಮುಖ ಕೊಟ್ಟು ಹದಿನಾರು ವರ್ಷದಿಂದ ಕೂತಿವೆ.
ನಡುವೆ ಕಬ್ಬು, ಬಾಳೆ, ಮತ್ತೆ ಕಬ್ಬು.
ಆಚೆ ದಡದವರ ಫೋನು, ದವಾಖಾನೆಯ ಎಕ್ಸ್‌ರೇ, ಮಕ್ಕಳ ಆಟ
ಎಲ್ಲ ಈ ಕಾಣದ ಎಳೆಯ ಮೇಲೆ ನಡೆದುಹೋಗುತ್ತವೆ.
ನೆಲದಡಿ ತಂತಿ ಹಾಕಬಾರದೇ ಎನ್ನುತ್ತಾರೆ.
ಹಾಕಿದ್ದೆವು. ಹೊಳೆ ಕಿತ್ತುಕೊಂಡು ಹೋಯಿತು.

ಅಲೆಯ ಉದ್ದ ಬೆರಳಿನ ಅಗಲದಷ್ಟು.
ಸೋನೆಗೆ ಅದು ಹೆದರುವುದಿಲ್ಲ;
ಮೂರು ದಿನ ಹಿಡಿದ ಜಡಿಯಲ್ಲೂ ಕೆಮ್ಮುತ್ತ ದಾಟುತ್ತದೆ.
ಕುಂಭದ್ರೋಣ ಬೇರೆ.
ಆಗ ಹನಿ ಮೆಣಸಿನಕಾಳಷ್ಟು ದಪ್ಪ,
ಚಿತ್ರದಲ್ಲಿ ಬರೆಯುವ ಕಣ್ಣೀರಿನ ಆಕಾರವಲ್ಲ;
ಬೀಳುವ ರಭಸಕ್ಕೆ ಗಾಳಿ ಕೆಳಗಿನಿಂದ ಒತ್ತಿ ಒತ್ತಿ
ಇಡ್ಲಿಯ ಹಾಗೆ, ತಳ ಚಪ್ಪಟೆ, ನೆತ್ತಿ ಉಬ್ಬು.
ಅದಕ್ಕೇ ಅಡ್ಡಡ್ಡ ತುಯ್ಯುವ ಅಲೆ ಬೇಗ ಸೋಲುತ್ತದೆ,
ನೆಟ್ಟಗೆ ತುಯ್ಯುವುದು ಚೂರು ಹೆಚ್ಚು ಹೊತ್ತು ಬದುಕುತ್ತದೆ.
ಪ್ರತಿ ಹನಿಯೂ ಒಂದಿಷ್ಟು ಕುಡಿಯುತ್ತದೆ, ಒಂದಿಷ್ಟು ಚೆಲ್ಲುತ್ತದೆ.
ಹನಿಗೂಡಿದರೆ ಹಳ್ಳ, ಸರಿ, ಅದು ನೆಲದ ಗಾದೆ;
ಗಾಳಿಯಲ್ಲೇ ಹನಿಗೂಡಿದರೆ ಏನೆಂದು
ಗಾದೆ ಕಟ್ಟಿದವರಿಗೆ ಕೇಳುವ ಪ್ರಸಂಗ ಬಂದಿರಲಿಲ್ಲ.

ಮೂರು ಡೆಸಿಬೆಲ್ ಇಳಿದರೆ ಅರ್ಧ,
ಇನ್ನು ಮೂರು, ಅರ್ಧದರ್ಧ.
ಮೂವತ್ತು ಇಳಿದಾಗ ಸಾವಿರದಲ್ಲಿ ಒಂದು ಪಾಲು ಎನ್ಸೊನನ್ನು ಮುಟ್ಟುತ್ತದೆ.
ಅಷ್ಟಾದರೂ ಸಾಕು ಎಂದು ಲೆಕ್ಕ ಹಾಕಿ ಕಟ್ಟಿದ್ದೇವೆ.
ಅದಕ್ಕೂ ಕೆಳಗೆ ಹೋದರೆ
ಗಾಜಿನಾಚೆ ತುಟಿ ಆಡಿಸುವವರು ನಾವು.

ಫೆಬ್ರವರಿಯ ಒಂದು ರಾತ್ರಿ, ಒಂದೂ ಇಪ್ಪತ್ತಕ್ಕೆ,
ಪರದೆಯ ಮೇಲಿನ ಗೆರೆ ಬಿತ್ತು,
ಸೊಂಟದಿಂದ ಕೊಡ ಜಾರಿದ ಹಾಗೆ.
ರೇನ್‌ಕೋಟು ಏರಿಸಿಕೊಂಡು ಹೊರಬಂದೆ. ಮಳೆಯಿಲ್ಲ.
ತಗಡು ಒಣಗಿತ್ತು. ಕಪ್ಪೆಗಳ ಗದ್ದಲ ಮಾತ್ರ. ಮೇಲೆ ತ್ರಿಶಂಕು ಹೊಳೆಯುತ್ತಿತ್ತು.
ಗಾಡಿಯಲ್ಲಿದ್ದ ಹಳೇ ವಾಕಿಟಾಕಿ ತೆಗೆದೆ,
ಅದರ ಅಲೆ ಒಂದೂವರೆ ಮೊಳ, ಹನಿಗಳು ಅದರ ಕಾಲಡಿಯ ಇರುವೆ.
"ಎನ್ಸೊ, ನಿನ್ನ ಕಡೆ ಹೇಗೆ?"
"ಒಣ. ನಕ್ಷತ್ರ ಕಾಣ್ತಿದೆ. ನಿನ್ನ ಕಡೆಯೇ ಸುರೀತಿರಬೇಕು."
"ಇಲ್ಲವಲ್ಲ."
"ಇಲ್ಲವಾ?"

ಇಬ್ಬರೂ ಒಣಗಿದ್ದೆವು. ಇಬ್ಬರ ನಡುವೆ,
ನರಪಿಳ್ಳೆಯೂ ಇಲ್ಲದ ಕಬ್ಬಿನ ಮೇಲೆ,
ಮೂರು ಕಿಲೋಮೀಟರು ಅಗಲದ ಕಪ್ಪು ಕಂಬವೊಂದು ನಿಂತು
ಒಂದೇ ಸಮನೆ ಹೊಯ್ಯುತ್ತಿತ್ತು.
ಮಿಂಚಿದಾಗ ಅದರ ನಡು ಕಂಡಿತು.

ಹನ್ನೊಂದು ನಿಮಿಷ.
ಯಾರ ಯಾವ ಮಾತು ಯಾವ ಅಕ್ಷರದಲ್ಲಿ ತುಂಡಾಯಿತೋ
ನಮ್ಮ ದಾಖಲೆಯಲ್ಲಿ ಇರುವುದಿಲ್ಲ.

ಬೆಳಿಗ್ಗೆ ನೊರೀನ್ ಬ್ಯಾಸೆಟ್ ಮನೆಗೆ ಹೋದೆ.
ಸಕ್ಕರೆ ಮಿಲ್ಲಿನ ತೂಕಕಟ್ಟೆಯಲ್ಲಿ ದುಡಿದವಳು; ಮೂವತ್ತೆಂಟು ವರ್ಷದಿಂದ
ಸರಿಯಾಗಿ ಒಂಬತ್ತಕ್ಕೆ ಮಳೆಮಾಪಕಕ್ಕೆ ಬಗ್ಗಿ
ಕಂಡದ್ದನ್ನು ನೀಲಿ ಶಾಯಿಯಲ್ಲಿ ಬರೆಯುವವಳು.
ಇವತ್ತು: ಸೊನ್ನೆ.
ನಾನು ಗೆರೆ ತೋರಿಸಿದೆ. ದನಿ ಎಷ್ಟು ಕರಗಿತೋ ಅದೇ ಮಳೆಯ ಅಳತೆ;
ಕೇಳದೆ ಹೋದದ್ದನ್ನೆಲ್ಲ ಕೂಡಿಸಿದರೆ ಇಪ್ಪತ್ತಾರು ಮಿಲಿಮೀಟರು,
ಕಡಿಮೆಯೆಂದರೆ. ಅದರಾಚೆ ನನ್ನ ಕಿವಿಯೂ ಮುಚ್ಚಿತ್ತು.

"ನನ್ನ ಡಬ್ಬಿಗೆ ಬೀಳದ್ದು ಮಳೆಯಲ್ಲ," ಅಂದಳು.
ಟೀ ಬಗ್ಗಿಸಿದಳು. ಬಿಸ್ಕತ್ತು ಮೆತ್ತಗಾಗಿತ್ತು.
ಆಮೇಲೆ, ನಾನು ಹೊಸ್ತಿಲಲ್ಲಿ ಬೂಟು ಹಾಕಿಕೊಳ್ಳುವಾಗ,
ಪುಸ್ತಕದ ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಸಣ್ಣಗೆ ಏನೋ ಬರೆಯುತ್ತಿದ್ದಳು.
ಕತ್ತು ಚಾಚಿದೆ.
ಅಂಗೈ ಅಡ್ಡ ಇಟ್ಟಳು,
ಪರೀಕ್ಷೆಗೆ ಕೂತ ಹುಡುಗಿಯ ಹಾಗೆ.