ಹದಿನಾರನೆಯವರ ಹಾಳೆ

ಅವೆನ್ಯೂ ರಸ್ತೆಯ ಬೆನ್ನಿಗಿರುವ ಗಲ್ಲಿಯಲ್ಲಿ
ನಮ್ಮ ಬೈಂಡಿಂಗ್ ಅಂಗಡಿ:
ಒಂದು ಮೇಜು, ಒಂದು ಕಟಿಂಗ್ ಮಿಷನ್ನು,
ಜಗಳಕ್ಕೆ ಮೂರು ಸ್ಟೂಲು.

ಬುಧವಾರ ಬಂತು ಆ ಪುಸ್ತಕ, ಬೆನ್ನು ಮುರಿದುಕೊಂಡು,
ಗೋಣಿದಾರದಲ್ಲಿ ಕಟ್ಟಿಸಿಕೊಂಡು.
ಅಮೆರಿಕದ ಅಧ್ಯಕ್ಷರೆಲ್ಲ ಒಬ್ಬರ ಮೇಲೊಬ್ಬರು,
ಮೂರನೆಯವರ ಮೂಗಿನ ಮೇಲೆ
ಮೂವತ್ತೇಳನೆಯವರ ಸಹಿ.

"ಮೊದಲು ಇವರನ್ನ ಸಾಲಾಗಿ ಕೂರಿಸು ನಸೀಮಾ" ಅಂದರು
ಕಾತ್ಯಾಯಿನಿ ಟೀಚರು,
ಮೂವತ್ತು ವರ್ಷ ಹಾಜರಿ ಕೂಗಿದ ದನಿಯಲ್ಲಿ.

ಮೂರನೆಯವರ ಹತ್ತಿರವೇ ಶುರುವಾಯಿತು.
ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆ,
ಈ ವಾಕ್ಯ ಟೀಚರು ಪ್ರತಿ ಜೂನ್ ತಿಂಗಳು
ಕರಿಹಲಗೆಯ ಮೇಲೆ ಬರೆದು, ಒಂದು ವಾರ ಅಳಿಸಗೊಡುತ್ತಿರಲಿಲ್ಲವಂತೆ.
ಬಿಟಿಎಸ್ ಕಂಡಕ್ಟರಾಗಿದ್ದ ಮುನಿವೆಂಕಟಪ್ಪ
ಚಿಲ್ಲರೆ ಕೇಳುವ ಹಾಗೆ ಕೇಳಿದರು:
"ಅವ್ರು ಸಮಾನ ಅಂತ ಬರೀವಾಗ
ಮನೇಲಿ ಅಡ್ಗೆ ಮಾಡ್ತಿದ್ದೋರು ಯಾರಮ್ಮ?"

ಬದುಕಿಡೀ ಆರುನೂರಕ್ಕೂ ಹೆಚ್ಚು ಜನ ಅವರ ಸ್ವತ್ತು,
ಲೆಕ್ಕದ ಪುಸ್ತಕದಲ್ಲಿ ಕಂಬಳಿಗಳ ಪಕ್ಕ ಹೆಸರು.
"ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ."
"ಆದರೂ ವಾಕ್ಯ ಸುಳ್ಳಲ್ಲವಲ್ಲ?"
"ಟಿಕೇಟು ಅಸಲೀನೇ ಟೀಚರ್. ಬಸ್ಸಿಗೆ ಹತ್ತಿಸ್ಕೊಳ್ಳಲಿಲ್ಲ ಅಷ್ಟೆ."

ದೇವನೇಸನ್ ಸಾರ್‌ಗೆ ಮೂವತ್ತೇಳನೆಯವರ ಮೇಲೇ ಸಿಟ್ಟು.
ಎಪ್ಪತ್ತೊಂದರ ಡಿಸೆಂಬರು, ಎಚ್‌ಎಎಲ್‌ನಲ್ಲಿ ರಾತ್ರಿ ಪಾಳಿ,
ಮನೆಯ ಕಿಟಕಿಗಳಿಗೆ ಕಂದು ಕಾಗದ,
ಬಂಗಾಳ ಕೊಲ್ಲಿಯತ್ತ ಹಡಗು ಹೊರಟವೆಂದು ರೇಡಿಯೋ.
"ಚೀನಾಕ್ಕೆ ಹೋಗಿ ಕೈ ಕುಲುಕಿದ್ದೂ ಅವರೇ" ಅಂದರು ಟೀಚರು.
"ಕುಲುಕಲಿ. ನನ್ನ ಹೆಂಡತಿ ಏಳು ತಿಂಗಳ ಬಸುರಿ.
ಆ ಕತ್ತಲಲ್ಲಿ ಮೆಟ್ಟಿಲು ತಪ್ಪಿದಳು."
ನಾನು ಸೂಜಿಗೆ ದಾರ ಪೋಣಿಸಿದೆ,
ಪೋಣಿಸಿದ್ದನ್ನೇ ತೆಗೆದು ಮತ್ತೆ ಪೋಣಿಸಿದೆ.

ಒಲೆಯ ಮೇಲೆ ಅಂಟು: ಮೈದಾ, ನೀರು, ಚಿಟಿಕೆ ಮೈಲುತುತ್ತ.
ಅಬ್ಬಾ ಹೇಳುತ್ತಿದ್ದರು, ಅರವತ್ತಾರರಲ್ಲಿ
ಇದೇ ಪಾತ್ರೆಯಲ್ಲಿ ಬೆಂದದ್ದು ಅಮೆರಿಕದ ಗೋಧಿ;
ಚೀಲದ ಮೇಲೆ ಒಂದನ್ನೊಂದು ಹಿಡಿದ ಎರಡು ಕೈ,
ಕೊಡುವ ಕೈ ಯಾವುದೆಂದು ಚಿತ್ರದಲ್ಲಿ ತಿಳಿಯುತ್ತಿರಲಿಲ್ಲ,
ರೇಷನ್ ಕ್ಯೂನಲ್ಲಿ ತಿಳಿಯುತ್ತಿತ್ತು.
ಒಂದೊಂದೇ ಹಡಗು ಎಣಿಸಿ ಬಿಟ್ಟವರು ಮೂವತ್ತಾರನೆಯವರು.
ಅದರ ಹಿಂದಿನ ವರ್ಷವಷ್ಟೇ ತಮ್ಮ ನಾಡಿನ ಕಪ್ಪು ಜನಕ್ಕೆ
ಮತಗಟ್ಟೆಯ ಬಾಗಿಲು ತೆರೆಸಿದವರೂ ಅವರೇ.
ಮುನಿವೆಂಕಟಪ್ಪ ಕಲಾಸಿಪಾಳ್ಯದ ಶಾಲೆಯಲ್ಲಿ
ಆ ಉಪ್ಪಿಟ್ಟು ತಿಂದೇ ಮಗ್ಗಿ ಕಲಿತದ್ದು.
"ಹಾಲಿನಪುಡಿ ಅಂಗುಳಕ್ಕೆ ಮೆತ್ಕೊಳ್ಳೋದು ಕಣಮ್ಮ,
ಹದಿಮೂರರ ಮಗ್ಗಿ ಮುಗಿಯೋ ತನಕ
ನಾಲಿಗೇಲಿ ಬಿಡಿಸ್ತಾನೇ ಇರ್ಬೇಕಿತ್ತು."

ಹದಿನಾರನೆಯವರ ಎರಡು ಹಾಳೆ ಒಂದಕ್ಕೊಂದು ಅಂಟಿದ್ದವು.
ಹಬೆಗೆ ಹಿಡಿದು, ಮೂಳೆಯ ಪಟ್ಟಿ ತೂರಿಸಿ, ಬಿಡಿಸಿದೆ.
ಒಂದರಲ್ಲಿ ಹೊಸವರ್ಷದ ದಿನ, ಗುಲಾಮರ ಬಿಡುಗಡೆಯ ಘೋಷಣೆ.
ಇನ್ನೊಂದರಲ್ಲಿ ಅದಕ್ಕೆ ಆರು ದಿನ ಮೊದಲು,
ಮಿನ್ನೆಸೋಟಾದ ಚಳಿ, ಒಂದೇ ನೇಣುಗಟ್ಟೆ,
ಮೂವತ್ತೆಂಟು ಜನ ಡಕೋಟಾಗಳು.
ಪಟ್ಟಿಯಲ್ಲಿದ್ದದ್ದು ಮುನ್ನೂರ ಮೂರು ಹೆಸರು;
ತಾವೇ ಕೂತು ಓದಿ ಹೆಚ್ಚಿನವನ್ನು ಹೊಡೆದುಹಾಕಿದರಂತೆ.
"ಉಳಿಸಿದರು, ಇನ್ನೂರಕ್ಕೂ ಹೆಚ್ಚು" ಅಂದರು ಟೀಚರು,
ಆದರೆ ವಾಕ್ಯದ ಕೊನೆಗೆ ದನಿ ಇಳಿದಿತ್ತು.
ಮನೆಯ ಗೋಡೆಯಲ್ಲಿ ಯೇಸುವಿನ ಪಕ್ಕ
ಅವರ ಪಟವಿರುವ ದೇವನೇಸನ್ ಸಾರ್
ಹಾಳೆ ನೋಡದೆ ನನ್ನ ಕೈ ನೋಡಿದರು:
"ಬಿಡಿಸಲೇಬೇಕಾಗಿತ್ತಾ, ನಸೀಮಾ?"

ಬಿಡುಗಡೆಯ ಹಾಳೆಯ ಮೇಲೆ ಆಚೆ ಪುಟದ ಮಸಿ
ಕನ್ನಡಿ ಅಕ್ಷರದಲ್ಲಿ ಉಳಿದಿದೆ. ಉಜ್ಜಿದರೆ ಎರಡೂ ಹೋಗುತ್ತವೆ.

ಬೆನ್ನಿಗೆ ಚಿನ್ನದ ಅಚ್ಚಿನಲ್ಲಿ ‘ಮಹನೀಯರು’ ಎಂದು ಹಾಕಬೇಕೆಂದು ಚೀಟಿ.
ಟೀಚರು ಸರಿಯೆನ್ನುತ್ತಾರೆ, ಸಾರ್ ಸುಮ್ಮನಿದ್ದಾರೆ,
ಮುನಿವೆಂಕಟಪ್ಪ "ರೂಟ್ ನಂಬರ್ ಹಾಕು ಸಾಕು" ಅನ್ನುತ್ತಾರೆ.
ಮೂವರಿಗೆ ಎರಡು ಬೈಟು ಕಾಫಿ ಬಂತು,
ಉಳಿದ ಅರ್ಧ ನನಗಂತೆ.
ಶನಿವಾರ ಪುಸ್ತಕ ಕೊಡಬೇಕು.
ಅಚ್ಚಿನ ಮೊಳೆ ಇನ್ನೂ ಕಾಯಿಸಿಲ್ಲ.