ಶ್ರೀಖಂಡದ ಡಬ್ಬಿ

ಇಪ್ಪತ್ತಾರು ವರ್ಷದಿಂದ ನಾನು ಜಿರಲೆ ಕೊಲ್ಲುವವನು.
ಬೆನ್ನಿಗೆ ಡಬ್ಬಿ, ಕೈಗೆ ನಳಿಗೆ, ಮೂಗಿಗೆ ಬಟ್ಟೆ.
ಬೋರಿವಲಿಯಿಂದ ಬಾಂದ್ರಾವರೆಗೆ
ಸಿಂಕುಗಳ ಕೆಳಗೆ ಮೊಣಕಾಲೂರಿದಷ್ಟು
ದೇವರೆದುರೂ ಊರಿಲ್ಲ.

ಓರ್ಲೆಂನ ಫಿಲೊಮಿನಾ ಬಾಯಿ ಮಾತ್ರ
ಬಾಲ್ಕನಿಗೆ ಅಡ್ಡ ನಿಂತಳು.
‘ಇಲ್ಲಿ ಬೇಡ. ಇಲ್ಲಿ ನಿನ್ನ ಕೆಲಸಕ್ಕೆ
ಬೇರೆಯವರಿದ್ದಾರೆ.’
ತಟ್ಟೆಯ ನೀರಲ್ಲಿ ಕೂತ ಕುಂಡ,
ನಾಲ್ಕಾಣೆಯಗಲದ ಕೆಂಪು ಗಿಡ,
ಎಲೆಯ ಕೂದಲು ಕೂದಲಿಗೂ ಒಂದು ಹನಿ,
ಒಂದು ಹನಿಯಲ್ಲಿ ನೊರಜು. ಇನ್ನೂ ಕಾಲಾಡಿಸುತ್ತಿತ್ತು.
ಮರಾಠಿಯಲ್ಲಿ ದವಬಿಂದು ಅನ್ನುತ್ತಾರೆ ಎಂದಳು.
ಬೆನ್ನ ಮೇಲಿನ ಡಬ್ಬಿ ಭಾರ ಅನ್ನಿಸಿದ್ದು ಆಗಲೇ;
ಸೊಂಟನೋವೂ ಇದ್ದಿರಬಹುದು.

ಹೊರಡುವಾಗ ಬೆಣ್ಣೆಕಾಗದದ ಪೊಟ್ಟಣ ಕೊಟ್ಟಳು.
ಭಾಂಡುಪಿಗೆ ಬಂದು ಬಿಚ್ಚಿದರೆ ಖಾಲಿ.
ವಾರಿಜ ಕನ್ನಡಕ ಏರಿಸಿದಳು:
‘ಖಾಲಿ ಎಲ್ಲಿ? ಮಡಿಕೆಯಲ್ಲಿ ಕಾಡಿಗೆಯಷ್ಟಿದೆ.
ಫ್ಯಾನು ಆರಿಸಿ. ಸೀನಬೇಡಿ.’

ಬಾಯಿಯ ಕಟ್ಟಳೆಗಳು:
ಗೊಬ್ಬರ ಹಾಕಿದರೆ ಸಾಯುತ್ತದೆ.
ನಲ್ಲಿನೀರು ಹಾಕಿದರೂ.
ಬೀಜ ಹೂಳಬೇಡ, ಮೇಲೇ ಬಿಡು, ಬೆಳಕು ಕಾಣಲಿ.
ತೆಂಗಿನ ನಾರಿನ ಪುಡಿಯನ್ನು ಅಕ್ಕಿಯ ಹಾಗೆ
ಏಳು ಸಲ ತೊಳೆದಳು ವಾರಿಜ.
ಕಾದ ಮೊಳೆಯಿಂದ ಶ್ರೀಖಂಡದ ಡಬ್ಬಿಗೆ
ನಾನು ಮೂರು ತೂತು ಮಾಡಿದೆ.

ನೀರು? ಮಳೆ ಬರುವುದು ಜೂನಿಗೆ, ಇದು ಫೆಬ್ರವರಿ.
ಮೇಲ್ಮನೆ ಗಾಯಕ್ವಾಡನ ಎ.ಸಿ.
ನಮ್ಮ ಒಣಗಿದ ಬಟ್ಟೆಗೇ ತೊಟ್ಟಿಕ್ಕುತ್ತದೆಂದು
ಮೂರು ಬೇಸಿಗೆಯಿಂದ ಮಾತಿಲ್ಲ,
ಸೊಸೈಟಿಗೆ ಎರಡು ಅರ್ಜಿ.
ಆ ನೀರಲ್ಲಿ ಉಪ್ಪಿನಂಶ ಇಲ್ಲವಂತೆ.
ಬಟ್ಟೆ ಸರಿಸಿ ಬಕೆಟ್ ಇಟ್ಟೆ.
ಕೊನೆಗೂ ಅವನು ಪೈಪು ಹಾಕಿಸಲು
ಪ್ಲಂಬರನನ್ನು ಕರೆತಂದ ದಿನ
ಮೆಟ್ಟಿಲು ಹತ್ತಿ ಹೋಗಿ ಬೇಡ ಅಂದೆ.
ಅವನು ನನ್ನ ಮುಖ ನೋಡಿದ, ಪ್ಲಂಬರನ ಮುಖ ನೋಡಿದ,
ಬಾಗಿಲು ಹಾಕಿಕೊಂಡ.

ಐದು ವಾರ ಏನೂ ಇಲ್ಲ.
ಆರನೆಯದರಲ್ಲಿ ಹಸಿರು, ಸೂಜಿಮೊನೆ ಮುಟ್ಟಿಸಿದಷ್ಟು.
ವಾರಿಜಳ ಲೆಕ್ಕಕ್ಕೆ ಹದಿನೇಳು, ನನ್ನದಕ್ಕೆ ಹನ್ನೊಂದು.
ಮೇ ತಿಂಗಳಲ್ಲಿ, ಒಂದರ ಎಲೆಯಂಚಿಗೆ,
ಬೆಳಕು ಓರೆಯಾಗಿ ಬಿದ್ದರಷ್ಟೇ ಕಾಣುವ ಹನಿ.
‘ಹಲ್ಲು ಬಂತು’ ಎಂದಳು.

ಹಲ್ಲು ಬಂತು, ಕಡಿಯಲು ಏನಿಲ್ಲ.
ಮೂರು ತಿಂಗಳಿಗೊಮ್ಮೆ ಕಂಪನಿಯ ಉಳಿದ ಔಷಧಿಯನ್ನು
ನಮ್ಮ ಮನೆಗೂ ಹೊಡೆಯುತ್ತ ಬಂದವನು ನಾನೇ.
ಒಂದಿರುವೆ ಇಲ್ಲ, ನೆಂಟರೆಲ್ಲ ಹೊಗಳುತ್ತಿದ್ದರು.
ಈ ಸಲ ಹೊಡೆಯಲಿಲ್ಲ.
ಕಿಟಕಿಯ ಜಾಲರಿ ಬಿಚ್ಚಿದೆ,
ಬಾಳೆಹಣ್ಣೊಂದನ್ನು ಕೊಳೆಯಲು ಬಿಟ್ಟೆ.
ಮೊದಲು ಬಂದದ್ದು ಜಿರಲೆ.
ಡಬ್ಬಿಯ ಪಕ್ಕ ನಿಂತು ಮೀಸೆ ಆಡಿಸಿತು,
ಗುರುತು ಸಿಕ್ಕವರ ಹಾಗೆ.

ಕೆಲಸದಿಂದ ಬಂದರೆ ಹೊಸ ಶಾಸ್ತ್ರ:
ಅಂಗಿ ಹೊರಗೆ, ಸ್ನಾನ, ಆಮೇಲೆ ಕಿಟಕಿ.
‘ಕೈ ತೋರಿಸಿ,’ ವಾರಿಜ ಮೂಸಿ ನೋಡುತ್ತಾಳೆ.
ಮದುವೆಯಾದ ಹೊಸದರಲ್ಲಿ
ಆ ವಾಸನೆಗೆ ಅವಳು ಬೇರೆ ಚಾಪೆ ಹಾಸುತ್ತಿದ್ದಳು.
ನೆನಪಿದೆಯಾ ಎಂದು ನಾನು ಕೇಳಿಲ್ಲ.

ನಿನ್ನೆ ರಾತ್ರಿ ಒಂದು ನೊರಜು ಸಿಕ್ಕಿಬಿತ್ತು.
ಟಾರ್ಚು ಹಿಡಿದು ಕೂತೆ.
ಕೂದಲುಗಳು ಒಂದೊಂದೇ ಬಾಗುತ್ತವೆ,
ಬಾಗಿದ್ದು ಕಾಣುತ್ತದೆ, ಬಾಗುವುದು ಕಾಣುವುದಿಲ್ಲ.
ಕೊಂದದ್ದನ್ನು ಕೂತು ನೋಡಿದವನಲ್ಲ ನಾನು.
ಎರಡು ಗಂಟೆ ಬಾಗಿಲು ಮುಚ್ಚಿಡಿ ಎಂದು ಹೇಳಿ
ಬಿಲ್ಲಿಗೆ ಸಹಿ ತಗೊಂಡು ಲೋಕಲ್ ಹಿಡಿಯುವವನು.

ಮೇಲೆ ಗಾಯಕ್ವಾಡನ ಎ.ಸಿ. ಶುರುವಾಯಿತು.
ಬಕೆಟ್ಟಿಗೆ ಟಪ್ ಎಂದಿತು.
ಕತ್ತಲಿನಿಂದ ವಾರಿಜ: ‘ಯಾವುದಕ್ಕೆ ಸಿಕ್ತು?’
ಹನ್ನೊಂದನೆಯದಕ್ಕೆ ಅಂದೆ.
ಅವಳ ಲೆಕ್ಕದಲ್ಲಿ ಅದು ಎಷ್ಟನೆಯದೋ.