ಕೈಗೆ ಬಾರದ ಮಾತು

ಊಟದ ಹಾಲಿನಲ್ಲೇ ಸಭೆ. ಎಲೆಕೋಸಿನ ಸಾರಿನ ವಾಸನೆ ಇನ್ನೂ ಆರಿಲ್ಲ.
ಪೋರ್ಚುಗಲ್ಲಿನ ಬಡಗಣ ಊರು ಫೇಯ್ರಾ,
ಬಾಟಲಿಗೆ ಬಿರಡೆ ಮಾಡುವ ಕಾರ್ಖಾನೆ.
ಮುಂದಿನ ಸಾಲಿನಲ್ಲಿ ಕಿವಿ ಕೇಳದ ಐವರು ಹೆಂಗಸರು.
ಅವರಿಗೂ ಮೈಕಿಗೂ ನಡುವೆ ನಾನು,
ಗಂಟೆಗಿಷ್ಟೆಂದು ಬಾಡಿಗೆಗೆ ಬಂದ ಎರಡು ಕೈ.

ನಿರ್ದೇಶಕ ಒಟಾವಿಯು ಶುರುಮಾಡಿದರು:
‘ನಾವೆಲ್ಲ ಒಂದು ಪಯಣದಲ್ಲಿದ್ದೇವೆ.’
ಎರಡು ಬೆರಳನ್ನು ಅಂಗೈ ಮೇಲೆ ನಡೆಸಿದೆ.
ಇದಲಿನಾ ಹುಬ್ಬೇರಿಸಿದಳು: ಎಲ್ಲಿಗೆ?
ಅಂಗೈಯ ಅಂಚಿನಲ್ಲಿ ನಿಂತವು ಬೆರಳು.
ಅವರಾಗಲೇ ಮುಂದಿನ ಪುಟದಲ್ಲಿದ್ದರು.

‘ಸಮನ್ವಯದ ಬಲದಿಂದ ಮೌಲ್ಯದ ಸರಪಳಿಗೆ ಹೊಸ ಚುರುಕು.’
ಸರಪಳಿ ಸುಲಭ, ಬೆರಳಿಗೆ ಬೆರಳು ಕೊಂಡಿ.
ಕೊಂಡಿ ಹಾಕಿಕೊಂಡು ನಿಂತೆ
ಕೈಕೋಳ ಬಿದ್ದವಳ ಹಾಗೆ.

ಇಪ್ಪತ್ತು ವರ್ಷದಿಂದ ನನಗಿದೇ ಕಸುಬು.
ಕೋರ್ಟಿನಲ್ಲಿ ಅಪ್ಪಟ ಸುಳ್ಳು ದಾಟಿಸಿದ್ದೇನೆ, ಬೆರಳು ನಡುಗದೆ.
ಸುಳ್ಳಿಗಾದರೂ ಮೈಯಿರುತ್ತದೆ:
ಚಾಕು, ಹಿಂಬಾಗಿಲು, ರಾತ್ರಿ ಹತ್ತು ಗಂಟೆ.
ಇದಕ್ಕೆ ಮೈಯೇ ಇಲ್ಲ. ಹಿಡಿಯಹೋದರೆ
ತೂರಿದ ಜೊಳ್ಳು.

ಆಮೇಲೆ ಬಂತು ನೋಡಿ, ಆ ಬಾಲ:
‘ಪರಿಶೀಲಿಸಲಾಗಿದೆ. ಗುರುತಿಸಲಾಗಿದೆ.
ಕೆಲವು ಹುದ್ದೆಗಳನ್ನು ಮುಕ್ತಗೊಳಿಸಲಾಗಿದೆ.’
ಲಾಗಿದೆ, ಲಾಗಿದೆ. ನಾಲಿಗೆಗೆಷ್ಟು ಸಲೀಸು!
ಕೈಗೆ ಹಾಗಲ್ಲ. ಕೊಟ್ಟರು ಎನ್ನಲು
ಇವರಿಂದ ಹೊರಟು ಅವರನ್ನು ಮುಟ್ಟಬೇಕು ಕೈ.
ಕಳಿಸಿದರು ಎನ್ನಲು ಕಳಿಸುವವರೊಬ್ಬರು ಬೇಕು,
ಹೋಗುವವರೊಬ್ಬರು,
ಒಂದು ಬಾಗಿಲು.

ಒಂದು ಗಳಿಗೆ ಎರಡೂ ಕೈ ಎದೆಯ ಮುಂದೆ
ಸುಮ್ಮನೆ ಹಿಡಿದಿದ್ದೆ. ಐದು ಜೊತೆ ಕಣ್ಣು ಅವುಗಳ ಮೇಲೆ.
ಕರಾರಿನಲ್ಲಿದೆ: ಏನನ್ನೂ ಸೇರಿಸತಕ್ಕದ್ದಲ್ಲ, ಬಿಡತಕ್ಕದ್ದಲ್ಲ.
ಸೇರಿಸಲಿಲ್ಲ.
ಎಡಗೈ ಮೈಕಿನ ಕಡೆ ತೋರಿತು.
ಬಲಗೈ ಅಲ್ಲಿಂದಲೇ ಹೊರಟು ಐವರ ಮೇಲೂ ಹಾದು
ಗೇಟಿನ ದಿಕ್ಕಿಗೆ ಹೋಗಿ ನಿಂತಿತು.

ಕಿವಿಯಿದ್ದ ನೂರಿಪ್ಪತ್ತು ಜನ
ಚಪ್ಪಾಳೆ ತಟ್ಟಿದರು, ಅಭ್ಯಾಸಬಲ.
ಇದಲಿನಾ ಕೇಳಿದಳು:
ಅಷ್ಟು ಹೊತ್ತು ಬಾಯಾಡಿಸಿದ್ದು ಇಷ್ಟಕ್ಕಾ?
ಹೌದೆಂದೆ.
ಮಿಕ್ಕಿದ್ದು?
ಬರಿಗೈ ಬಿಚ್ಚಿ ತೋರಿಸಿದೆ.

ಮೂವತ್ತೊಂದು ವರ್ಷ ಬಿರಡೆ ಆರಿಸಿದವಳು.
ನನ್ನ ಅಂಗೈಯಿಂದ ಎರಡು ಬೆರಳಲ್ಲಿ
ಇಲ್ಲದ್ದನ್ನು ಎತ್ತಿಕೊಂಡಳು,
ಟ್ಯೂಬ್‌ಲೈಟಿಗೆ ಹಿಡಿದು ಒಂದು ಸುತ್ತು ತಿರುಗಿಸಿ
ಹುಳುಕಿನ ಬುಟ್ಟಿ ಇರುವ ಎಡಕ್ಕೆ ಬಿಟ್ಟಳು.

ಏಪ್ರನ್ನಿಗೆ ಕೈ ಒರೆಸಿಕೊಂಡು ಮತ್ತೆ ಕೇಳಿದಳು:
ಯಾವ ತಾರೀಖು?

ಅದನ್ನವರು ಹೇಳಿರಲಿಲ್ಲ.